ತಾನಾಗಿಯೇ ರೀಸ್ಟಾರ್ಟ್ ಆಗುತ್ತಿದ್ದ ಮನೆ ಕಂಪ್ಯೂಟರ್: ಒಂದು ತಿಂಗಳ ರಿಪೇರಿ ಡೈರಿ

ನಾನು ತುಮಕೂರಿನಲ್ಲಿ ಮನೆಯಿಂದಲೇ ಡಿಟಿಪಿ ಕೆಲಸ ಮಾಡುತ್ತೇನೆ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಬಿಲ್ ಬುಕ್ಕು, ಕರಪತ್ರ, ಬಂದದ್ದೆಲ್ಲ ಮಾಡಿಕೊಡುತ್ತೇನೆ. ಏಪ್ರಿಲ್, ಮೇ ತಿಂಗಳ ಲಗ್ನಗಳ ಕಾರ್ಡಿಗೆ ಮಾರ್ಚ್‌ನಲ್ಲೇ ಜನ ಬರುತ್ತಾರೆ. ಈ ಸಲ ಸರಿಯಾಗಿ ಅದೇ ಹೊತ್ತಿಗೆ ಕಂಪ್ಯೂಟರ್ ಕೈ ಕೊಟ್ಟಿತು. ಕೆಲಸ ಮಾಡ್ತಾ ಮಾಡ್ತಾ ಫಟ್ ಅಂತ ಸ್ಕ್ರೀನ್ ಕಪ್ಪಾಗಿ, ತಾನೇ ಮತ್ತೆ ಶುರುವಾಗುತ್ತಿತ್ತು. ಹುಷಾರು ಅನ್ನುವ ಸೂಚನೆ ಇಲ್ಲ, ನೀಲಿ ಸ್ಕ್ರೀನ್ ಇಲ್ಲ, ಏನೂ ಇಲ್ಲ.

ಮಾರ್ಚ್ 4ರಿಂದ ಏಪ್ರಿಲ್ 3ರವರೆಗೆ ಏನೇನು ಮಾಡಿದೆ, ಎಲ್ಲೆಲ್ಲಿ ಎಡವಿದೆ, ಎಷ್ಟು ದುಡ್ಡು ಹೋಯಿತು ಎಂದು ಬರೆದಿಡುತ್ತಿದ್ದೇನೆ. ಎಡವಿದ್ದೇ ಜಾಸ್ತಿ.

ಮೊದಲು ಮಷೀನಿನ ಜಾತಕ. 2015ರಲ್ಲಿ ಜೋಡಿಸಿದ್ದು. ನಾಲ್ಕನೇ ತಲೆಮಾರಿನ ಐ5 ಪ್ರೊಸೆಸರ್, 4 ಜಿಬಿಯ ಎರಡು ಡಿಡಿಆರ್3 ರ್‍ಯಾಮ್ ಕಡ್ಡಿ, ಆಮೇಲೆ ಹಾಕಿಸಿದ 256 ಜಿಬಿ ಎಸ್‌ಎಸ್‌ಡಿ, ಹಳೆಯ 1 ಟಿಬಿ ಹಾರ್ಡ್ ಡಿಸ್ಕ್, ಗೋಡೆಯ ಕರೆಂಟನ್ನು ಮಷೀನಿಗೆ ಬೇಕಾದ ವೋಲ್ಟಿಗೆ ಇಳಿಸಿ ಕೊಡುವ 450 ವ್ಯಾಟ್ ಎಸ್‌ಎಂಪಿಎಸ್. ವಿಂಡೋಸ್ 10. ಪಕ್ಕದಲ್ಲಿ, ಕರೆಂಟ್ ಹೋದಾಗ ಒಳಗಿನ ಬ್ಯಾಟರಿಯಿಂದ ಸ್ವಲ್ಪ ಹೊತ್ತು ಓಡಿಸುವ, 2020ರಲ್ಲಿ ತಂದ 600 ವಿಎ ಯುಪಿಎಸ್. ಕೊನೆಯ ಸಾಲನ್ನು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.

ಮಾರ್ಚ್ 4 ಮತ್ತು 8

4ರಂದು ಬೆಳಿಗ್ಗೆ 11 ಗಂಟೆ 5 ನಿಮಿಷಕ್ಕೆ ಮೊದಲ ಸಲ ಹೋಯಿತು. ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಒಂದು ಮದುವೆ ಕಾರ್ಡಿನ ಬಂಧುಗಳ ಪಟ್ಟಿ ಹೊಡೆಯುತ್ತಿದ್ದೆ. ಸೇವ್ ಮಾಡಿರಲಿಲ್ಲ. 40 ಹೆಸರು ಮತ್ತೆ ಹೊಡೆದೆ. ಒಂದು ಸಲ ತಾನೇ, ಹೋಗ್ಲಿ ಅಂತ ಬಿಟ್ಟೆ.

8ರಂದು ಅರ್ಧ ಗಂಟೆ ಅಂತರದಲ್ಲಿ ಎರಡು ಸಲ. ಆಗ ಕೂತು ನೋಡಿದೆ. ಮೊದಲ ಯೋಚನೆ ಕರೆಂಟಿನದ್ದೇ. ಆದರೆ ಮಾನಿಟರ್ ಆರಿರಲಿಲ್ಲ. ಕಂಪ್ಯೂಟರ್ ಹೋದ ಮೇಲೂ ಸಿಗ್ನಲ್ ಇಲ್ಲ ಅನ್ನುವ ಪೆಟ್ಟಿಗೆಯನ್ನು ತೋರಿಸುತ್ತಾ ಬೆಳಗುತ್ತಲೇ ಇತ್ತು. ಮೇಲೆ ಫ್ಯಾನ್ ತಿರುಗುತ್ತಿತ್ತು. ಯುಪಿಎಸ್‌ನಲ್ಲಿ ಹಸಿರು ದೀಪ. ಕರೆಂಟ್ ಹೋಗಿಲ್ಲ, ಹೋಗಿದ್ದರೂ ಯುಪಿಎಸ್ ಇದೆ ಎಂದು ಆ ದಾರಿಯನ್ನು ಅಲ್ಲೇ ಮುಚ್ಚಿಬಿಟ್ಟೆ. ಇಡೀ ತಿಂಗಳ ದೊಡ್ಡ ತಪ್ಪು ಇದು. ಮಾನಿಟರ್‌ನ ವೈರು ಯುಪಿಎಸ್‌ಗೆ ಹಾಕಿಯೇ ಇರಲಿಲ್ಲ, ನೇರ ಗೋಡೆಯ ಬೋರ್ಡಿಗೆ ಇತ್ತು. ಅದನ್ನು ಬಗ್ಗಿ ನೋಡಲು ಒಂದು ನಿಮಿಷ ಸಾಕಿತ್ತು. ಮೇಜಿನ ಕೆಳಗೆ ಧೂಳು ಅಂತ ಬಗ್ಗಲಿಲ್ಲ.

ಅವತ್ತು ಮಾಡಿದ ಎರಡು ಕೆಲಸ ಮಾತ್ರ ಸರಿಯಾಗಿತ್ತು. ಒಂದು, ವಿಂಡೋಸ್ ಕೀ ಮತ್ತು ಆರ್ ಒತ್ತಿ ಸಿಸ್‌ಡಿಎಂ ಡಾಟ್ ಸಿಪಿಎಲ್ ಎಂದು ಹೊಡೆದು, ಅಡ್ವಾನ್ಸ್ಡ್‌ನಲ್ಲಿ ಸ್ಟಾರ್ಟಪ್ ಅಂಡ್ ರಿಕವರಿಗೆ ಹೋಗಿ, ಆಟೋಮ್ಯಾಟಿಕಲಿ ರೀಸ್ಟಾರ್ಟ್ ಮುಂದಿನ ಟಿಕ್ ತೆಗೆದೆ. ಇದನ್ನು ತೆಗೆದರೆ ವಿಂಡೋಸ್ ಕುಸಿದಾಗ ನೀಲಿ ಸ್ಕ್ರೀನ್ ನಿಂತೇ ಇರುತ್ತದೆ, ಓದಬಹುದು. ಎರಡು, ವಿಂಡೋಸ್ ತನಗೆ ಆದದ್ದನ್ನೆಲ್ಲ ಬರೆದಿಡುವ ಈವೆಂಟ್ ವ್ಯೂವರ್ ತೆರೆದು ಸಿಸ್ಟಮ್ ಲಾಗ್ ನೋಡಿದೆ. ಪ್ರತಿ ರೀಸ್ಟಾರ್ಟಿಗೂ ಕೆಂಪು ಗುರುತಿನ ಕರ್ನಲ್-ಪವರ್ 41. ಒಳಗೆ ಡೀಟೇಲ್ಸ್‌ನಲ್ಲಿ ಬಗ್‌ಚೆಕ್‌ಕೋಡ್ 0.

0 ಅಂದರೆ ವಿಂಡೋಸ್‌ಗೆ ಏನಾಯಿತೆಂದು ಬರೆದಿಡಲೂ ಸಮಯ ಸಿಗಲಿಲ್ಲ, ಹೆಚ್ಚಾಗಿ ವಿದ್ಯುತ್ತೇ ಕಡಿದಿದೆ ಅಂತ. ಇದು ಈಗ ಗೊತ್ತು. ಅವತ್ತು ನಾನು ಓದಿದ್ದು ಕರ್ನಲ್ ಅನ್ನುವ ಪದವನ್ನು ಮಾತ್ರ. ಪಕ್ಕದಲ್ಲೇ ಪವರ್ ಎಂದು ಬರೆದಿತ್ತು. ಕರ್ನಲ್ ಅಂದರೆ ವಿಂಡೋಸ್, ವಿಂಡೋಸ್ ಕೆಟ್ಟಿದೆ ಎಂದುಕೊಂಡೆ.

ಮಾರ್ಚ್ 9, ಭಾನುವಾರ: ವಿಂಡೋಸ್ ಹೊಸದಾಗಿ

ಇಡೀ ಭಾನುವಾರ ಇದಕ್ಕೇ ಹೋಯಿತು. ಫೈಲುಗಳನ್ನು ಹಾರ್ಡ್ ಡಿಸ್ಕಿಗೆ ಹಾಕಿಕೊಂಡು, ಪೆನ್‌ಡ್ರೈವ್‌ನಿಂದ ವಿಂಡೋಸ್ 10 ಮತ್ತೆ ಹಾಕಿದೆ. ನುಡಿ, ಡಿಸೈನ್ ಮಾಡುವ ಕೋರೆಲ್ ಡ್ರಾ, ಪ್ರಿಂಟರ್ ಡ್ರೈವರ್ ಎಲ್ಲ ಮತ್ತೆ. ಫಾಂಟುಗಳನ್ನು ಎತ್ತಿಟ್ಟುಕೊಳ್ಳುವುದು ಮರೆತೇ ಹೋಗಿತ್ತು. ಹತ್ತು ವರ್ಷ ಅಲ್ಲಿ ಇಲ್ಲಿ ಕೂಡಿಸಿದ ಅಕ್ಷರಗಳು, ಗಣಪತಿ, ಕಳಸ, ವಾಲಗದವರ ಚಿತ್ರದ ಫಾಂಟುಗಳು, ಒಂದೇ ಏಟಿಗೆ ಹೋದವು. ಅರ್ಧದಷ್ಟನ್ನು ಒಬ್ಬ ಪ್ರೆಸ್ಸಿನವರ ಹತ್ತಿರ ಕೇಳಿ ತಂದೆ.

ಇನ್ನೊಂದು ಆಮೇಲೆ ಗೊತ್ತಾಯಿತು. ವಿಂಡೋಸ್ ಅಳಿಸಿದಾಗ ಈವೆಂಟ್ ವ್ಯೂವರ್‌ನ ಹಳೆಯ ದಾಖಲೆಯೂ ಅಳಿಸಿತು. ಎಷ್ಟು ಹೊತ್ತಿಗೆ ಏನಾಯಿತು ಅನ್ನುವ ಸಾಕ್ಷಿಯನ್ನು ನಾನೇ ಕೈಯಾರೆ ಒರೆಸಿದ್ದೆ.

10, 11 ಏನೂ ಆಗಲಿಲ್ಲ. ಬರೀ 11ರ ಬೆಳಿಗ್ಗೆ ನೋಡಿದರೆ ತೆರೆದಿಟ್ಟ ಫೈಲು ಮುಚ್ಚಿ ಹೋಗಿತ್ತು, ರಾತ್ರಿ ಯಾವಾಗಲೋ ರೀಸ್ಟಾರ್ಟ್ ಆಗಿದೆ. ಹೊಸ ವಿಂಡೋಸ್ ಅಲ್ವಾ, ಅಪ್‌ಡೇಟ್ ಇರಬಹುದು ಎಂದುಕೊಂಡೆ, ಇದೊಂದು ಮಾತ್ರ ಸರಿಯಾಗಿ ಊಹಿಸಿದ್ದೆ. ಅಪ್‌ಡೇಟಿನ ರೀಸ್ಟಾರ್ಟಿಗೆ ಲಾಗ್‌ನಲ್ಲಿ 1074 ಬರುತ್ತದೆ, 41 ಬರುವುದಿಲ್ಲ. ನಮ್ಮನೆಯವರಿಗೆ, ಸರಿ ಹೋಯ್ತು, ನಾನೇ ಮಾಡಿದೆ ಎಂದು ಜಂಬದಿಂದ ಹೇಳಿದೆ.

12ರ ಸಂಜೆ 6 ಗಂಟೆ 50 ನಿಮಿಷಕ್ಕೆ ಮತ್ತೆ ಫಟ್.

ಮಾರ್ಚ್ 13ರಿಂದ 21: ರ್‍ಯಾಮ್

ಎಲ್ಲರೂ ಹೇಳುವುದು ಇದನ್ನೇ, ರ್‍ಯಾಮ್ ತೆಗೆದು ಉಜ್ಜಿ ಹಾಕಿ. ವೈರು ಕಿತ್ತು, ಕ್ಯಾಬಿನೆಟ್ಟಿನ ಬರಿ ಲೋಹ ಮುಟ್ಟಿಕೊಂಡು, ಎರಡೂ ಕಡ್ಡಿ ತೆಗೆದು, 5 ರೂಪಾಯಿಯ ಬಿಳಿ ರಬ್ಬರಿನಿಂದ ಚಿನ್ನದ ಬಣ್ಣದ ಹಲ್ಲುಗಳನ್ನು ಉಜ್ಜಿದೆ. ಕಪ್ಪು ಬಂತು. ಉಜ್ಜಿದ ರಬ್ಬರಿನ ಪುಡಿ ಸೀದಾ ಸ್ಲಾಟಿನೊಳಗೆ ಬಿತ್ತು. ಕ್ಯಾಬಿನೆಟ್ಟಿನ ಮೇಲೆ ಹಿಡಿದುಕೊಂಡು ಉಜ್ಜಿದರೆ ಇನ್ನೇನಾಗುತ್ತೆ. ಹಾಕಿ ಆನ್ ಮಾಡಿದರೆ ಸ್ಕ್ರೀನೇ ಇಲ್ಲ, ಉದ್ದುದ್ದ ಬೀಪ್. ಮಗನ ಪೇಂಟಿಂಗ್ ಬ್ರಶ್ಶಿನಿಂದ ಸ್ಲಾಟ್ ಗುಡಿಸಿ, ಮತ್ತೆ ಹಾಕಿದ ಮೇಲೆ ಬಂತು. ರಬ್ಬರ್ ಹಚ್ಚುವುದಾದರೆ ಕಡ್ಡಿಯನ್ನು ಬೇರೆ ಕಡೆ, ಪೇಪರಿನ ಮೇಲೆ ಇಟ್ಟುಕೊಂಡು ಉಜ್ಜಿ.

ರಾತ್ರಿ ಪೆನ್‌ಡ್ರೈವ್‌ನಿಂದ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿ ಮಲಗಿದೆ. ಬೆಳಿಗ್ಗೆ ನೋಡಿದರೆ ನಾಲ್ಕು ಸುತ್ತು ಮುಗಿದು ತಪ್ಪು 0. ಇಲ್ಲಿಗೆ ರ್‍ಯಾಮ್ ಬಿಡಬೇಕಿತ್ತು. ಬಿಡಲಿಲ್ಲ. ಒಂದೊಂದೇ ಕಡ್ಡಿ ಹಾಕಿ ನೋಡೋಣ ಅನ್ನುವ ಹಟ.

ಮೊದಲ ಕಡ್ಡಿ: 14, 15, 16 ಚೆನ್ನಾಗಿತ್ತು. 17ಕ್ಕೆ ಹೋಯಿತು. ಇದೇ ಕೆಟ್ಟ ಕಡ್ಡಿ ಎಂದು ಅದನ್ನು ತೆಗೆದು ಎರಡನೆಯದನ್ನು ಹಾಕಿದೆ. 18, 19, 20 ಚೆನ್ನಾಗಿತ್ತು. ಇನ್ನೊಂದು ಕಡ್ಡಿಗೆ ಬೆಲೆ ಕೇಳಲು ಫೋನ್ ಕೂಡ ಮಾಡಿದ್ದೆ. 21ಕ್ಕೆ ಇದೂ ಹೋಯಿತು.

ಪ್ರತಿ ಸಲವೂ ಏನೋ ಒಂದು ಮಾಡಿದ ಮೇಲೆ ಮೂರು ದಿನ ಸರಿ ಇರುತ್ತಿತ್ತು. ಮೂರು ದಿನ ಸರಿ ಇದ್ದರೆ ಯಾರಿಗಾದರೂ ಗೆದ್ದೆ ಅನಿಸುತ್ತದೆ.

ಮಾರ್ಚ್ 22, 23: ಧೂಳು, ಪೇಸ್ಟು ಮತ್ತು ಒಂದು ಪಿನ್ನು

ಸೆಕೆ ಶುರುವಾಗಿತ್ತು. ಕಾವಿಗೆ ಹೋಗುತ್ತಿರಬಹುದು ಎಂದು ಪ್ರೊಸೆಸರಿನ ಕಾವನ್ನು ಅದರ ಮೇಲಿನ ಕೂಲರಿಗೆ ದಾಟಿಸುವ ಥರ್ಮಲ್ ಪೇಸ್ಟನ್ನು 180 ರೂಪಾಯಿಗೆ ತಂದೆ. ಕ್ಯಾಬಿನೆಟ್ ಬಿಚ್ಚಿ ಟೆರೇಸಿಗೆ ಒಯ್ದು ಬ್ರಶ್ಶಿನಿಂದ ಧೂಳು ತೆಗೆದೆ. ಫ್ಯಾನಿನ ಕೆಳಗೆ ಹೀಟ್‌ಸಿಂಕಿನ ಸಂದಿಗಳಲ್ಲಿ ಕಂಬಳಿಯ ಹಾಗೆ ಕೂತಿತ್ತು. ಬ್ರಶ್ ಮಾಡುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಂಡಿದ್ದೆ, ಗಿರಗಿರ ತಿರುಗಲು ಬಿಡಬಾರದು.

ಈ ಕೂಲರ್ ನಾಲ್ಕು ಪ್ಲಾಸ್ಟಿಕ್ ಪಿನ್ನಿನ ಮೇಲೆ ಕೂರುತ್ತದೆ. ಪ್ರತಿ ಪಿನ್ನಿನ ತಲೆ ಮೇಲೆ ಒಂದು ಬಾಣ ಇದೆ. ಬಾಣದ ದಿಕ್ಕಿಗೆ ತಿರುಗಿಸಿದರೆ ಬಿಡುತ್ತದೆ. ಮತ್ತೆ ಕೂರಿಸುವ ಮುಂಚೆ ನಾಲ್ಕನ್ನೂ ವಾಪಸ್ ತಿರುಗಿಸಿ, ಮೂಲೆಗೆ ಮೂಲೆ ಎದುರು ಬದಿರು ಒತ್ತಬೇಕು, ಟಕ್ ಅನ್ನುವವರೆಗೆ. ಹಳೆ ಪೇಸ್ಟು ಸುಣ್ಣದ ಹಾಗೆ ಒಣಗಿತ್ತು, ಒರೆಸಿ ಅವರೆಕಾಳಿನಷ್ಟು ಹೊಸದು ಹಾಕಿದೆ. ಮೂರು ಪಿನ್ನು ಟಕ್ ಅಂದವು. ನಾಲ್ಕನೆಯದನ್ನು ವಾಪಸ್ ತಿರುಗಿಸದೇ ಒತ್ತಿದ್ದೆ. ಕೂತ ಹಾಗೆ ಕಾಣುತ್ತಿತ್ತು, ಕೂತಿರಲಿಲ್ಲ.

23ರಂದು ಕೋರೆಲ್‌ನಲ್ಲಿ ಒಂದು ದೊಡ್ಡ ಫ್ಲೆಕ್ಸಿನ ಫೈಲು ತೆರೆದಾಗ ಉಷ್ಣತೆ 97 ಡಿಗ್ರಿ ತೋರಿಸಿ, ಹತ್ತು ನಿಮಿಷಕ್ಕೆ ಆಫ್ ಆಯಿತು. ಆಫ್ ಅಷ್ಟೇ. ತಾನಾಗಿ ಮತ್ತೆ ಆನ್ ಆಗಲಿಲ್ಲ. ಕ್ಯಾಬಿನೆಟ್ ಬಿಚ್ಚಿದರೆ ಕೂಲರ್ ಒಂದು ಮೂಲೆಯಲ್ಲಿ ಎದ್ದು ನಿಂತಿತ್ತು. ಪಿನ್ನು ಸರಿಯಾಗಿ ಒತ್ತಿದ ಮೇಲೆ ಅದೇ ಫೈಲಿಗೆ 66 ಡಿಗ್ರಿ.

ನನ್ನ ದಡ್ಡತನದಿಂದಲೇ ಒಂದು ಒಳ್ಳೆ ಸುಳಿವು ಸಿಕ್ಕಿತ್ತು. ಕಾವಿಗೆ ಹೋದರೆ ಈ ಮಷೀನು ಆರಿ ಸುಮ್ಮನೆ ಕೂರುತ್ತದೆ, ಮೊದಲಿನ ಕಾಯಿಲೆಯಲ್ಲಾದರೆ ಆರಿ ತಾನೇ ಏಳುತ್ತದೆ. ಎರಡೂ ಬೇರೆ ಬೇರೆ ಎಂದು ನೋಟ್‌ಬುಕ್ಕಿನಲ್ಲಿ ಬರೆದೂ ಇದ್ದೇನೆ. ತಾನೇ ಏಕೆ ಏಳುತ್ತದೆ ಅಂತ ಮಾತ್ರ ಕೇಳಿಕೊಳ್ಳಲಿಲ್ಲ.

25ಕ್ಕೆ ಮತ್ತೆ ಹೋಯಿತು. ಆಗ ಉಷ್ಣತೆ 48.

ಮಾರ್ಚ್ 26: ಎಸ್.ಪಿ. ರಸ್ತೆ

ಉಳಿದಿದ್ದು ಎಸ್‌ಎಂಪಿಎಸ್. 420 ರೂಪಾಯಿಗೆ ಒಂದು ಡಿಜಿಟಲ್ ಮಲ್ಟಿಮೀಟರ್ ಮೊದಲೇ ತಂದಿದ್ದೆ. ಎಸ್‌ಎಂಪಿಎಸ್‌ನ ದೊಡ್ಡ ಕನೆಕ್ಟರ್ ಬೋರ್ಡಿನಿಂದ ಕಿತ್ತು, ಹಸಿರು ವೈರಿನ ತೂತಿಗೂ ಪಕ್ಕದ ಕಪ್ಪಿಗೂ ಜೆಮ್ ಕ್ಲಿಪ್ ಹಾಕಿದರೆ ಅದು ಒಂಟಿಯಾಗಿ ಆನ್ ಆಗುತ್ತದೆ. ಆಗ ಅಳೆದೆ. ಹಳದಿ ವೈರು 11.87 ವೋಲ್ಟ್, ಕೆಂಪು 5.04. ಹಳದಿಗೆ 11.4ರಿಂದ 12.6, ಕೆಂಪಿಗೆ 4.75ರಿಂದ 5.25 ಇದ್ದರೆ ಸರಿ. ಎರಡೂ ಸರಿಯಾಗಿಯೇ ಇದ್ದವು. ಮಷೀನು ದುಡಿಯುವಾಗಲೂ ನಾಲ್ಕು ಪಿನ್ನಿನ ಕನೆಕ್ಟರಿನಲ್ಲಿ ಅಳೆದೆ, 11.81. ಸರಿ.

ಸರಿ ಇದೆ ಎಂದು ಮೀಟರ್ ಹೇಳಿದ ಮೇಲೂ ಹೊಸದು ತರಲು ಹೊರಟೆ. ಹತ್ತು ವರ್ಷದ್ದು, ಹೇಗಿದ್ದರೂ ಬದಲಾಯಿಸಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬೆಳಗಿನ ರೈಲಿಗೆ ಬೆಂಗಳೂರು, ಮೆಜೆಸ್ಟಿಕ್‌ನಿಂದ ಚಿಕ್ಕಪೇಟೆಗೆ ಮೆಟ್ರೋ, ಅಲ್ಲಿಂದ ನಡೆದು ಕಂಪ್ಯೂಟರ್ ಸಾಮಾನಿನ ಅಂಗಡಿಗಳಿರುವ ಎಸ್.ಪಿ. ರಸ್ತೆ. ಅಂಗಡಿಯ ಹುಡುಗ ರೋಗ ಕೇಳಿ, "ಯುಪಿಎಸ್ ಇದ್ಯಾ ಮೇಡಂ?" ಅಂದ. ಇದೆ ಎಂದೆ. "ಬ್ಯಾಟರಿ ಯಾವಾಗ ಚೇಂಜ್ ಮಾಡಿದ್ರಿ?" ಅಂದ. ಚೆನ್ನಾಗಿದೆ, ಹಸಿರು ಲೈಟ್ ಬರುತ್ತೆ ಅಂದುಬಿಟ್ಟೆ. ಅವನು ಮುಂದೆ ಏನೂ ಹೇಳಲಿಲ್ಲ, 450 ವ್ಯಾಟ್‌ನ ಎಸ್‌ಎಂಪಿಎಸ್ ಎತ್ತಿಕೊಟ್ಟ. 2,350 ರೂಪಾಯಿ. ಓಡಾಟ, ಊಟ 260.

ಎಸ್‌ಎಂಪಿಎಸ್ ಹಾಕುವುದು ಕಷ್ಟದ ಕೆಲಸವಲ್ಲ. ನಾಲ್ಕು ಸ್ಕ್ರೂ, 24 ಪಿನ್ನಿನ ಒಂದು ಕನೆಕ್ಟರ್, ಪ್ರೊಸೆಸರ್ ಪಕ್ಕದ 4 ಪಿನ್ನಿನದ್ದು, ಡಿಸ್ಕುಗಳದ್ದು. ಬಿಚ್ಚುವ ಮುಂಚೆ ಫೋಟೋ ತೆಗೆದುಕೊಂಡಿದ್ದೆ, ಮುಕ್ಕಾಲು ಗಂಟೆ ಹಿಡಿಯಿತು. ಹಳೆಯದನ್ನು ಬಿಚ್ಚಿ ನೋಡುವ ಆಸೆ ಇತ್ತು, ಬೇಡ ಅಂತ ಬಿಟ್ಟೆ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪ್ಯಾಸಿಟರಿನಲ್ಲಿ 300 ವೋಲ್ಟಿಗೂ ಮೇಲೆ ಉಳಿದಿರಬಹುದು.

27, 28 ಚೆನ್ನಾಗಿತ್ತು. 29ರ ಶನಿವಾರ ಬೆಳಿಗ್ಗೆ 10:55ಕ್ಕೆ, ಹೊಸ ಎಸ್‌ಎಂಪಿಎಸ್ ಇಟ್ಟುಕೊಂಡೇ, ಮತ್ತೆ ಹೋಯಿತು. ಅವತ್ತು ಕ್ಯಾಬಿನೆಟ್ಟಿಗೆ ಒಂದು ಒದ್ದೆ. ಕಾಲಿಗೆ ನೋವಾಯಿತು.

ಮಾರ್ಚ್ 30, ಯುಗಾದಿ: ಅತ್ತೆಯ ಕ್ಯಾಲೆಂಡರ್

ಹಬ್ಬದ ದಿನ ಕೆಲಸ ಇರಲಿಲ್ಲ. ಮಧ್ಯಾಹ್ನ ಹೋಳಿಗೆ ಊಟ ಮುಗಿಸಿ, ಅಡುಗೆಮನೆ ಬಾಗಿಲ ಹತ್ತಿರ ಕೂತು ರೀಸ್ಟಾರ್ಟ್ ಆದ ದಿನಗಳನ್ನೆಲ್ಲ ಒಂದೇ ಹಾಳೆಗೆ ಇಳಿಸುತ್ತಿದ್ದೆ. 9ರ ನಂತರದ್ದು ಈವೆಂಟ್ ವ್ಯೂವರ್‌ನಲ್ಲಿ ಸಿಕ್ಕವು. ಅದಕ್ಕೆ ಹಿಂದಿನದು ಅಳಿಸಿ ಹೋಗಿತ್ತಲ್ಲ, ವಾಟ್ಸಾಪ್ ಕಾಪಾಡಿತು. ಪ್ರತಿ ಸಲ ನಮ್ಮನೆಯವರಿಗೆ "ಮತ್ತೆ ಹೋಯ್ತು" ಎಂದು ಮೆಸೇಜ್ ಹಾಕಿದ್ದೆ, ಟೈಮ್ ಸಮೇತ ಇತ್ತು.

ಅತ್ತೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೂತಿದ್ದರು. "ಅದೇನು ಬರೀತಿದ್ದೀಯೇ?" ಅಂದರು. ಕಂಪ್ಯೂಟರ್ ಕೆಟ್ಟ ದಿನಗಳು ಅತ್ತೆ, 4, 8, 12, 17 ಎಂದು ಓದಿದೆ.

"ನೀರು ಬಂದ ದಿನ ಅಲ್ವೇನೇ ಅವು?" ಅಂದರು.

ನಮ್ಮ ಕಡೆ ನಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ, ಒಮ್ಮೊಮ್ಮೆ ಐದು ದಿನಕ್ಕೆ. ಹೇಮಾವತಿ ನೀರು ಬುಗುಡನಹಳ್ಳಿ ಕೆರೆಗೆ ಬಂದು, ಅಲ್ಲಿಂದ ಊರಿಗೆ. ನೀರು ಬಂದ ದಿನ ಅತ್ತೆ ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಕಿನ ಮೂಲೆಗೆ ನೀಲಿ ಪೆನ್ನಿನಲ್ಲಿ ಒಂದು ಚುಕ್ಕೆ ಇಡುತ್ತಾರೆ. ಹಾಲಿನ ಲೆಕ್ಕಕ್ಕೆ ಗೀಟು, ಗ್ಯಾಸಿಗೆ ಸೊನ್ನೆ, ನೀರಿಗೆ ಚುಕ್ಕೆ. ಎದ್ದು ಹೋಗಿ ನೋಡಿದೆ. ಮಾರ್ಚ್ 4ರ ಮೂಲೆಯಲ್ಲಿ ಚುಕ್ಕೆ. 8, 12, 17, 21, 25, 29. ಏಕಾದಶಿ, ಸಂಕಷ್ಟಿ ಅನ್ನುವ ಸಣ್ಣ ಅಕ್ಷರಗಳ ಪಕ್ಕದಲ್ಲಿ ನನ್ನ ಒಂದು ತಿಂಗಳ ಗೋಳು ಚುಕ್ಕೆ ಚುಕ್ಕೆಯಾಗಿ ಕೂತಿತ್ತು.

ನನ್ನ ಹಾಳೆಯಲ್ಲಿ ಒಟ್ಟು 10 ಸಾಲು. 8 ಚುಕ್ಕೆಗಳ ಮೇಲೇ ಬಿದ್ದವು. ಉಳಿದ ಎರಡರಲ್ಲಿ ಒಂದು ವಿಂಡೋಸ್ ಅಪ್‌ಡೇಟ್, ಇನ್ನೊಂದು ನಾನೇ ಕೂರಿಸದೆ ಬಿಟ್ಟ ಪಿನ್ನು. ಮೂರು ದಿನ ಸರಿ ಇದ್ದು ನಾಲ್ಕನೇ ದಿನ ಕೆಡುತ್ತಿದ್ದದ್ದು ರಬ್ಬರ್ ಉಜ್ಜಿದ್ದಕ್ಕೂ ಅಲ್ಲ, ಪೇಸ್ಟು ಹಚ್ಚಿದ್ದಕ್ಕೂ ಅಲ್ಲ. ಆ ಮೂರು ದಿನ ನಮ್ಮ ಮನೆಯಲ್ಲಿ ಮೋಟರ್ ಹಾಕಿರಲಿಲ್ಲ ಅಷ್ಟೇ. ನೀರು ಬಂದಾಗ ಸಂಪು ತುಂಬಿಸಿ, ಆಗಲೇ ಅರ್ಧ ಎಚ್‌ಪಿ ಮೋಟರಿನಲ್ಲಿ ಮೇಲಿನ ಟ್ಯಾಂಕಿಗೆ ಹತ್ತಿಸುತ್ತೇವೆ. ಅದೇ ಹೊತ್ತಿಗೆ ಬೀದಿಯವರೆಲ್ಲ ಹತ್ತಿಸುತ್ತಿರುತ್ತಾರೆ.

"ನಾನು ಅವತ್ತೇ ಹೇಳಿದ್ನಲ್ಲ, ಮೋಟರ್ ಹಾಕಿದ್ರೆ ದೀಪ ಮಿಣುಕುತ್ತೆ ಅಂತ" ಎಂದರು ಅತ್ತೆ. ಹೇಳಿದ್ದರು. ದೀಪದ ಬಗ್ಗೆ ಹೇಳುತ್ತಿದ್ದಾರೆ ಎಂದುಕೊಂಡಿದ್ದೆ.

ಮಾರ್ಚ್ 31: ಬೇಕೆಂದೇ ಕೆಡಿಸುವುದು

ಸಂಪಿನಲ್ಲಿ ಇನ್ನೂ ಅರ್ಧ ನೀರಿತ್ತು. ಅತ್ತೆ ಮೋಟರ್ ಸ್ವಿಚ್ ಹತ್ತಿರ, ನಾನು ಕಂಪ್ಯೂಟರ್ ಮುಂದೆ, ಮಗ ನಡುವೆ ನಿಂತು ಕೂಗುವವನು. ಸೇವ್ ಮಾಡಬೇಕಾದ್ದು ಏನೂ ಇಲ್ಲ ಎಂದು ನೋಡಿಕೊಂಡು, ಗೋಡೆಯ ಸಾಕೆಟ್ಟಿಗೆ ಮೀಟರ್ ಹಿಡಿದೆ.

ಮೋಟರ್ ಇಲ್ಲದೆ 226 ವೋಲ್ಟ್. "ಹಾಕಿ ಅಜ್ಜೀ" ಎಂದು ಮಗ ಕೂಗಿದ. ಮೀಟರ್ ಒಂದು ಕ್ಷಣ 183 ತೋರಿಸಿ 207ಕ್ಕೆ ನಿಂತಿತು. ನಡುವೆ ಇನ್ನೆಷ್ಟು ಕೆಳಗೆ ಬಿದ್ದಿತ್ತೋ, ಈ ಮೀಟರಿಗೆ ಅಷ್ಟು ಬೇಗ ಹಿಡಿಯಲು ಬರುವುದಿಲ್ಲ. ಮೋಟರ್ ಹೊರಡುವಾಗ ಓಡುವುದಕ್ಕಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ದೀಪ ಮಿಣುಕಿತು. ಮೇಜಿನ ಕೆಳಗೆ ಯುಪಿಎಸ್ ಟಕ್ ಅಂದಿತು. ಕಂಪ್ಯೂಟರ್ ಹೋಯಿತು, ಮೂರು ಸೆಕೆಂಡಿಗೆ ತಾನೇ ಎದ್ದಿತು. ಮಾನಿಟರ್ ಹಾಗೇ ಬೆಳಗುತ್ತಿತ್ತು.

ಆ ಟಕ್ ನನಗೆ ಹೊಸದಲ್ಲ. ಐದು ವರ್ಷದಿಂದ ಕೇಳುತ್ತಿದ್ದೇನೆ. ಟಕ್ ಅಂದ ಮೇಲೆ ಯುಪಿಎಸ್ ಕೀಂ ಅನ್ನಬೇಕು. ಎರಡು ವರ್ಷದ ಹಿಂದೆ, ಮಗ ಮಲಗಿರುವಾಗ ಕಿರಿಕಿರಿ ಅಂತ, ಅದರ ಬಜರಿನ ತೂತಿಗೆ ಮೂರು ಪದರ ಟೇಪು ಅಂಟಿಸಿದ್ದು ನಾನೇ. ಬ್ಯಾಟರಿ ಸತ್ತಿದೆ ಎಂದು ಅದು ಟೇಪಿನ ಹಿಂದಿನಿಂದ ಎಷ್ಟು ದಿನದಿಂದ ಕೂಗುತ್ತಿತ್ತೋ.

ನಾಲ್ಕು ಸಲ ಮಾಡಿದೆವು, ಮೂರು ಸಲ ಹೋಯಿತು. ಆಮೇಲೆ ಕಂಪ್ಯೂಟರನ್ನು ಯುಪಿಎಸ್‌ನಿಂದ ಕಿತ್ತು ನೇರ ಗೋಡೆಗೆ ಹಾಕಿ ಐದು ಸಲ ಮೋಟರ್ ಹಾಕಿಸಿದೆ. ಒಂದು ಸಲವೂ ಹೋಗಲಿಲ್ಲ. ಅಂದರೆ ಕಂಪ್ಯೂಟರನ್ನು ಕಾಯಬೇಕಾದ ಡಬ್ಬಿಯೇ ಅದನ್ನು ಬೀಳಿಸುತ್ತಿತ್ತು. ವೋಲ್ಟೇಜ್ ಕುಸಿದ ಕೂಡಲೇ ಯುಪಿಎಸ್ ಬ್ಯಾಟರಿಗೆ ಬದಲಾಗುತ್ತದೆ, ಬ್ಯಾಟರಿಯಲ್ಲಿ ಜೀವ ಇಲ್ಲ, ಔಟ್‌ಪುಟ್ ಸೊನ್ನೆ. ಅಷ್ಟರಲ್ಲಿ ಕರೆಂಟ್ ಸರಿಯಾಗಿ ಮತ್ತೆ ಕೊಡುತ್ತದೆ. ಯುಪಿಎಸ್ ಇಲ್ಲದಿದ್ದರೆ ಆ ಒಂದು ಕ್ಷಣವನ್ನು ಎಸ್‌ಎಂಪಿಎಸ್ ತಾನೇ ತಡೆದುಕೊಳ್ಳುತ್ತಿತ್ತು.

ಬ್ಯಾಟರಿ ಪರೀಕ್ಷೆಯಲ್ಲೂ ಒಂದು ಎಡವಟ್ಟು. ಯುಪಿಎಸ್‌ಗೆ 9 ವ್ಯಾಟಿನ ಎಲ್‌ಇಡಿ ಬಲ್ಬ್ ಹಾಕಿ ಗೋಡೆಯ ಪ್ಲಗ್ ಕಿತ್ತೆ. ಬಲ್ಬ್ ಆರಾಮವಾಗಿ ಉರಿಯಿತು, ಎರಡು ನಿಮಿಷ ಆದರೂ. ಅಯ್ಯೋ, ಇದೂ ಅಲ್ವಾ ಎಂದು ತಲೆ ಮೇಲೆ ಕೈ ಹೊತ್ತು ಕೂತೆ. ಆಮೇಲೆ ಹೊಳೆಯಿತು, ಕಂಪ್ಯೂಟರ್ 9 ವ್ಯಾಟಿಗೆ ಓಡುವುದಿಲ್ಲವಲ್ಲ. ಅಟ್ಟದ ಮೇಲಿಂದ ಹಳೆ 100 ವ್ಯಾಟಿನ ಬಲ್ಬ್ ಹುಡುಕಿ ಹಾಕಿ ಪ್ಲಗ್ ಕಿತ್ತೆ. ಒಂದು ಸಲ ಕೆಂಪಗೆ ಮಿನುಗಿ ಆರಿತು. ಬ್ಯಾಟರಿ ಪರೀಕ್ಷೆ ಮಾಡುವುದಾದರೆ ಭಾರ ಕೊಟ್ಟೇ, ಅಂದರೆ ಜಾಸ್ತಿ ಕರೆಂಟ್ ಎಳೆಯುವ ಸಾಮಾನು ಹಾಕಿಯೇ ಮಾಡಿ.

ಯುಪಿಎಸ್ ಆಫ್ ಮಾಡಿ, ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು, ಕೆಳಗಿನ ನಾಲ್ಕು ಸ್ಕ್ರೂ ತೆಗೆದೆ. ಒಳಗೆ 12 ವೋಲ್ಟ್, 7 ಎಎಚ್ ಬ್ಯಾಟರಿ. ಎರಡು ಮೂರು ವರ್ಷ ಬಾಳುವ ಸಾಮಾನು, ಐದು ವರ್ಷ ಕೂತಿತ್ತು. ಪಕ್ಕೆ ಚೂರು ಉಬ್ಬಿತ್ತು. ಸುಮ್ನೆ ಅಳೆದರೆ 12.7 ವೋಲ್ಟ್, ಹೊಸದರ ಹಾಗೆ. ಕಾರಿನ ಒಂದು ಹಳೆ ಹೆಡ್‌ಲೈಟ್ ಬಲ್ಬ್ ಪಕ್ಕದ ಮನೆಯವರ ಹತ್ತಿರ ಇಸಿದುಕೊಂಡು ವೈರಿನಲ್ಲಿ ಮುಟ್ಟಿಸಿದೆ. 8.9ಕ್ಕೆ ಜಾರಿ ಇನ್ನೂ ಇಳಿಯುತ್ತಲೇ ಇತ್ತು. ಭಾರ ಕೊಟ್ಟಾಗ 10.5ಕ್ಕಿಂತ ಕೆಳಗೆ ಬಂದರೆ ಖಾಲಿ ಎಂದೇ ಲೆಕ್ಕ.

ಏಪ್ರಿಲ್ 1ರಿಂದ 3: ಬ್ಯಾಟರಿ, ಬಯಾಸ್, ಬಟನ್ನು

ಅದೇ ಅಳತೆಯ ಬ್ಯಾಟರಿ ಇಲ್ಲೇ ತುಮಕೂರಿನಲ್ಲಿ 1,050 ರೂಪಾಯಿಗೆ ಸಿಕ್ಕಿತು. ಹಳೆಯದನ್ನು ಕೊಟ್ಟದ್ದಕ್ಕೆ 150 ಕಡಿಮೆ, ಕೈಯಿಂದ ಹೋದದ್ದು 900. ಹಳೆ ಬ್ಯಾಟರಿಯಲ್ಲಿ ಸೀಸ ಇರುತ್ತದೆ, ಕಸಕ್ಕೆ ಹಾಕಬೇಡಿ, ಅಂಗಡಿಗೇ ಕೊಡಿ.

ಕನೆಕ್ಟರ್ ಬಿಡಿಸುವಾಗ ವೈರು ಹಿಡಿದು ಎಳೆಯಬಾರದು, ಲೋಹದ ತುದಿ ಹಿಡಿದು ಆಚೆ ಈಚೆ ಅಲ್ಲಾಡಿಸಬೇಕು. ನಾನು ವೈರು ಎಳೆದೆ, ಕಪ್ಪು ವೈರು ಕೈಗೇ ಬಂತು. ಇಕ್ಕಳದಲ್ಲಿ ಮತ್ತೆ ಅದುಮಿ ಹಾಕಿದೆ. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ. ಎರಡನೆಯದು ತಾಗುವಾಗ ಚಿಟ್ ಎಂದು ಕಿಡಿ ಬಂತು, ಎದೆ ಧಸಕ್ಕೆಂದಿತು, ಆದರೆ ಅದು ಮಾಮೂಲಿಯಂತೆ. ರಾತ್ರಿಯಿಡೀ ಚಾರ್ಜಿಗೆ ಬಿಟ್ಟೆ. ಬಜರಿನ ಟೇಪು ಕಿತ್ತೆ. ಮಾನಿಟರ್ ವೈರನ್ನೂ ಯುಪಿಎಸ್‌ಗೆ ಹಾಕಿದೆ.

ಇನ್ನು ಆ ಪ್ರಶ್ನೆ, ತಾನೇ ಏಕೆ ಏಳುತ್ತಿತ್ತು? ವಿಂಡೋಸ್‌ಗೂ ಮುಂಚೆ ಏಳುವ ಬಯಾಸ್‌ನ ಸೆಟ್ಟಿಂಗಿಗೆ ಹೋಗಿ ನೋಡಿದರೆ, ಕರೆಂಟ್ ಹೋಗಿ ಬಂದಾಗ ಏನು ಮಾಡಬೇಕು ಅನ್ನುವ ಜಾಗದಲ್ಲಿ ಪವರ್ ಆನ್ ಎಂದಿತ್ತು. ಹಾಗೆ ಇಟ್ಟವಳೂ ನಾನೇ. ಕ್ಯಾಬಿನೆಟ್ಟಿನ ಪವರ್ ಬಟನ್ ಸವೆದು ಒಳಗೆ ಸಿಕ್ಕಿಕೊಳ್ಳುತ್ತಿತ್ತು ಎಂದು, 2021ರಲ್ಲಿ, ಯುಪಿಎಸ್ ಆನ್ ಮಾಡಿದರೆ ಕಂಪ್ಯೂಟರೂ ಆನ್ ಆಗಲಿ ಎಂದು ಮಾಡಿಕೊಂಡ ಉಪಾಯ. ಇದಿಲ್ಲದಿದ್ದರೆ ಮೊದಲ ದಿನವೇ ಮಷೀನು ಆರಿ ಕೂತಿರುತ್ತಿತ್ತು, ಕರೆಂಟಿನ ಕಡೆ ನೋಡುತ್ತಿದ್ದೆ. ಅದನ್ನು ಪವರ್ ಆಫ್‌ಗೆ ಬದಲಾಯಿಸಿದೆ. ಬಟನ್ ಸಮಸ್ಯೆಗೆ ಬೋರ್ಡಿನ ಮೇಲೆ ರೀಸೆಟ್ ಬಟನ್ನಿನ ಎರಡು ಪಿನ್ನಿನ ವೈರನ್ನು ಕಿತ್ತು ಪವರ್ ಬಟನ್ನಿನ ಜಾಗಕ್ಕೆ ಚುಚ್ಚಿದೆ. ಈಗ ರೀಸೆಟ್ ಒತ್ತಿದರೆ ಆನ್ ಆಗುತ್ತದೆ. ಎರಡು ನಿಮಿಷದ ಕೆಲಸ, ಖರ್ಚಿಲ್ಲ. ನಾಲ್ಕು ವರ್ಷದ ಹಿಂದೆಯೇ ಮಾಡಬಹುದಿತ್ತು.

ಏಪ್ರಿಲ್ 3, ಗುರುವಾರ. ಬೆಳಿಗ್ಗೆ ಹತ್ತೂವರೆಗೆ ನೀರು ಬಂತು, 11:10ಕ್ಕೆ ಮೋಟರ್. ದೀಪ ಮಿಣುಕಿತು. ಟಕ್. ಕೀಂ. ಮತ್ತೆ ಟಕ್. ಕರ್ಸರ್ ಇದ್ದಲ್ಲೇ ಮಿಟುಕುತ್ತಿತ್ತು. 7ಕ್ಕೂ 11ಕ್ಕೂ ಹಾಗೇ. ಲಾಗ್‌ನಲ್ಲಿ ಹೊಸ 41 ಒಂದೂ ಇಲ್ಲ.

ದುಡ್ಡಿನ ಲೆಕ್ಕ: ರಬ್ಬರ್ 5, ಪೇಸ್ಟು 180, ಮೀಟರ್ 420, ಎಸ್‌ಎಂಪಿಎಸ್ 2,350, ಬೆಂಗಳೂರು ಓಡಾಟ 260, ಬ್ಯಾಟರಿ 900. ಒಟ್ಟು 4,115 ರೂಪಾಯಿ. ಬೇಕಿದ್ದದ್ದು ಮೀಟರ್ ಮತ್ತು ಬ್ಯಾಟರಿ, 1,320. ಹಳೆ ಎಸ್‌ಎಂಪಿಎಸ್ ಅಟ್ಟದ ಮೇಲಿದೆ. ಪೇಸ್ಟಿನ ದುಡ್ಡು ಪೂರ್ತಿ ದಂಡ ಅಂತ ಹೇಳುವುದಿಲ್ಲ, ಫ್ಯಾನಿನ ಸದ್ದು ಈಗ ಅರ್ಧಕ್ಕರ್ಧ ಕಡಿಮೆ. ಹೋದ ಫಾಂಟುಗಳಿಗೆ ಬೆಲೆ ಕಟ್ಟಿಲ್ಲ.

ಬಾಕಿ ಇರುವುದು ಒಂದೇ. ಮೋಟರೂ ನನ್ನ ರೂಮೂ ಒಂದೇ ವೈರಿನ ಮೇಲಿವೆ, ಮೋಟರಿಗೆ ಬೇರೆ ಲೈನ್ ಎಳೆಯಬೇಕು. ಎಲೆಕ್ಟ್ರಿಷಿಯನ್ ನಾಳೆ ಬರ್ತೀನಿ ಅಂದು ಹತ್ತು ದಿನ ಆಯಿತು. ಅಲ್ಲಿಯವರೆಗೆ ಅತ್ತೆ ಸ್ವಿಚ್ ಹಾಕುವ ಮುಂಚೆ ಹಿತ್ತಿಲಿಂದಲೇ "ಮೋಟರ್ ಹಾಕ್ತೀನಿ ಕಣೇ" ಎಂದು ಕೂಗುತ್ತಾರೆ. ನಾನು ಕಂಟ್ರೋಲ್ ಎಸ್ ಒತ್ತಿ, "ಹಾಕಿ ಅತ್ತೆ" ಅನ್ನುತ್ತೇನೆ.